ಎಡಕ್ಕೆ ಬೆಸುಗೆ, ಬಲಕ್ಕೆ ಕ್ರಿಂಪ್: ಕಾರಿನ ಹಿಂದೀಪಗಳ ವೈರಿಂಗ್ ಬದಲಿಸಿ ಎರಡು ಮಳೆಗಾಲ ನೋಡಿದ ಹೋಲಿಕೆ

ಬ್ರೇಕ್ ಪೆಡಲ್ ಒತ್ತಿದ ಕೂಡಲೇ ಡ್ಯಾಶ್‌ಬೋರ್ಡಿನ ಮೀಟರ್ ದೀಪಗಳು ಮಂಕಾಗಿ ಹೊತ್ತಿಕೊಳ್ಳುತ್ತಿದ್ದರೆ ದೋಷವನ್ನು ಡ್ಯಾಶ್‌ಬೋರ್ಡಿನಲ್ಲಿ ಹುಡುಕಬಾರದು, ಡಿಕ್ಕಿಯಲ್ಲಿ ಹುಡುಕಬೇಕು. ಇಷ್ಟು ತಿಳಿಯುವ ಹೊತ್ತಿಗೆ ನಾನು ಎರಡು ಫ್ಯೂಸ್, ಒಂದು ಬ್ರೇಕ್ ಸ್ವಿಚ್ ಮತ್ತು ನಾಲ್ಕು ಬಲ್ಬ್‌ಗಳನ್ನು ಸುಮ್ಮನೆ ಬದಲಿಸಿದ್ದೆ. ನನ್ನ ಹಳೆಯ ಸೆಡಾನ್ ಕಾರಿನ ಎಡಬದಿಯ ಹಿಂದೀಪವು ಬಿಸಿಲಿನ ದಿನಗಳಲ್ಲಿ ಬಲಬದಿಯದಕ್ಕಿಂತ ಸ್ವಲ್ಪ ಮಂಕಾಗಿ ಉರಿಯುತ್ತಿತ್ತು, ಅಷ್ಟೆ. ಮಳೆ ಸುರಿದ ಮರುದಿನ ಮಾತ್ರ ಈ ಮೀಟರ್ ದೀಪದ ವಿಚಿತ್ರ ಕಾಣಿಸಿಕೊಳ್ಳುತ್ತಿತ್ತು.

ಕಾರಣ ಸರಳವಾದದ್ದು. ಪಾರ್ಕಿಂಗ್ ಮತ್ತು ಬ್ರೇಕ್ ಎರಡೂ ಒಂದೇ ಬಲ್ಬಿನಲ್ಲಿರುವ ದೀಪಗಳಲ್ಲಿ 5 ವ್ಯಾಟಿನ ಒಂದು ತಂತುವೂ 21 ವ್ಯಾಟಿನ ಇನ್ನೊಂದು ತಂತುವೂ ಇದ್ದು, ಎರಡಕ್ಕೂ ಅರ್ಥ್, ಅಂದರೆ ಕಾರಿನ ತಗಡಿನ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಹಿಂದಿರುಗುವ ದಾರಿ, ಒಂದೇ ಆಗಿರುತ್ತದೆ. ಆ ಅರ್ಥ್ ಕಡಿದುಹೋದರೆ ಬ್ರೇಕ್ ತಂತುವಿಗೆ ಬಂದ ವಿದ್ಯುತ್ತು ಹಿಂದಿರುಗುವ ದಾರಿ ಕಾಣದೆ, ಪಕ್ಕದ ಪಾರ್ಕಿಂಗ್ ತಂತುವಿನ ಮೂಲಕ ಹಿಮ್ಮುಖವಾಗಿ ಪಾರ್ಕಿಂಗ್ ಲೈನಿಗೆ ನುಗ್ಗಿ, ಅದೇ ಲೈನಿನಲ್ಲಿರುವ ಮೀಟರ್ ದೀಪ, ನಂಬರ್ ಪ್ಲೇಟ್ ದೀಪ ಮತ್ತು ಆಚೆ ಬದಿಯ ಪಾರ್ಕಿಂಗ್ ದೀಪಗಳ ಮೂಲಕ ಅರ್ಥ್ ಸೇರುತ್ತದೆ. ದಾರಿಯಲ್ಲಿ ಸಿಕ್ಕಿದ ದೀಪಗಳೆಲ್ಲ ಮಂಕಾಗಿ ಉರಿಯುತ್ತವೆ, ಉರಿಯಬೇಕಾದ ಬ್ರೇಕ್ ದೀಪ ಮಾತ್ರ ಉರಿಯುವುದಿಲ್ಲ.

ಡಿಕ್ಕಿಯ ಒಳಹೊದಿಕೆ ತೆಗೆದು ನೋಡಿದಾಗ ಅಲ್ಲಿದ್ದದ್ದು ವೈರಿಂಗ್ ಎನ್ನುವುದಕ್ಕಿಂತ ತೇಪೆಗಳ ಸಾಲು. ಹಿಂದೆ ಯಾರೋ ಎಳೆಗಳನ್ನು ಕೈಯಲ್ಲಿ ತಿರುಚಿ, ಮೇಲೆ ಇನ್ಸುಲೇಷನ್ ಟೇಪ್ ಸುತ್ತಿದ್ದರು. ಡಿಕ್ಕಿಯ ಸೆಕೆಗೆ ಟೇಪಿನ ಅಂಟು ಕರಗಿ ಕಪ್ಪು ಜೇಡಿಯಂತಾಗಿ ಬೆರಳಿಗೆ ಹತ್ತುತ್ತಿತ್ತು. ಒಂದು ಜಾಯಿಂಟಿನ ಟೇಪನ್ನು ಹಿಡಿದೆಳೆದರೆ ಅದು ಬಿಚ್ಚಿಕೊಳ್ಳುವ ಬದಲು ಕಾಲುಚೀಲದಂತೆ ಇಡಿಯಾಗಿ ಕಳಚಿ ಬಂತು. ಒಳಗಿನ ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿತ್ತು. ತಿರುಚಿ ಟೇಪು ಸುತ್ತುವ ಪದ್ಧತಿಯನ್ನು ಈ ಹೋಲಿಕೆಯಲ್ಲಿ ಪ್ರತ್ಯೇಕವಾಗಿ ಪರೀಕ್ಷಿಸುವ ಅಗತ್ಯ ನನಗೆ ಕಾಣಲಿಲ್ಲ, ಅದರ ಫಲಿತಾಂಶ ಆಗಲೇ ನನ್ನ ಕೈಯಲ್ಲಿತ್ತು.

ಹಿಂಬದಿ ಸೀಟಿನ ಕೆಳಗೆ, ನೀರು ತಾಗದ ಜಾಗದವರೆಗಿನ ಮೂಲ ವೈರುಗಳು ಚೆನ್ನಾಗಿದ್ದವು. ಅಲ್ಲಿಂದ ಎರಡೂ ದೀಪಗಳ ತನಕ ಎಲ್ಲವನ್ನೂ ಹೊಸದಾಗಿ ಎಳೆಯುವುದೆಂದು ನಿಶ್ಚಯಿಸಿದಾಗ, ಹೇಗೂ ಎರಡು ಬದಿಗಳಿವೆ, ಎರಡೂ ಒಂದೇ ಮಳೆ, ಒಂದೇ ಕೆಸರು, ಒಂದೇ ಕುಲುಕಾಟವನ್ನು ಕಾಣುತ್ತವೆ, ಹಾಗಿರುವಾಗ ಎಡಬದಿಯ ಜಾಯಿಂಟುಗಳನ್ನೆಲ್ಲ ಬೆಸುಗೆಯಿಂದಲೂ ಬಲಬದಿಯವನ್ನೆಲ್ಲ ಕ್ರಿಂಪಿನಿಂದಲೂ (ವೈರಿನ ತುದಿಗಳನ್ನು ಲೋಹದ ಕೊಳವೆಗೆ ತೂರಿಸಿ ಇಕ್ಕಳದಿಂದ ಒತ್ತುವುದು) ಮಾಡಿದರೆ ಯಾವುದು ಉಳಿಯುತ್ತದೆ ಎಂಬುದನ್ನು ವಾದವಿಲ್ಲದೆ ನೋಡಬಹುದಲ್ಲ ಎಂಬ ಯೋಚನೆ ಬಂತು. ಎಡದೀಪದ ಗ್ಯಾಸ್ಕೆಟ್ (ನೀರು ತಡೆಯುವ ಅಂಚುಪಟ್ಟಿ) ಹೆಚ್ಚು ಹಳತಾಗಿದ್ದುದರಿಂದ ಪರೀಕ್ಷೆ ಒಂದು ಕಡೆಗೆ ವಾಲದಿರಲೆಂದು ಎರಡೂ ದೀಪಗಳಿಗೆ ಹೊಸ ಗ್ಯಾಸ್ಕೆಟ್ ಹಾಕಿದೆ.

ಅಳತೆಯ ಕ್ರಮವನ್ನು ಮೊದಲು ಹೇಳಬೇಕು, ಏಕೆಂದರೆ ಮೊದಲ ವಾರ ನಾನು ಮೋಸಹೋದದ್ದು ಅಲ್ಲಿಯೇ. ಮಲ್ಟಿಮೀಟರನ್ನು ಕಂಟಿನ್ಯೂಟಿಗೆ, ಅಂದರೆ ದಾರಿ ಕಡಿದಿಲ್ಲವೇ ಎಂದು ನೋಡುವ ಸ್ಥಾನಕ್ಕೆ, ಇಟ್ಟು ವೈರಿನ ಎರಡು ತುದಿ ಮುಟ್ಟಿಸಿದರೆ ‘ಬೀಪ್’ ಎನ್ನುತ್ತದೆ. ಆದರೆ ಇಪ್ಪತ್ತು ಎಳೆಗಳಲ್ಲಿ ಹತ್ತೊಂಬತ್ತು ಕಡಿದು ಒಂದೇ ಉಳಿದಿದ್ದರೂ ಅದು ಅದೇ ಉತ್ಸಾಹದಿಂದ ‘ಬೀಪ್’ ಎನ್ನುತ್ತದೆ. ಸರಿಯಾದ ಪರೀಕ್ಷೆಯೆಂದರೆ ದೀಪ ಉರಿಯುತ್ತಿರುವಾಗಲೇ ವೋಲ್ಟೇಜ್ ಎಲ್ಲಿ ಎಷ್ಟು ನಷ್ಟವಾಗುತ್ತಿದೆ ಎಂದು ಅಳೆಯುವುದು. ಬ್ಯಾಟರಿಯ ನೆಗೆಟಿವ್ ತುದಿಯಿಂದ ಒಂದು ಉದ್ದನೆಯ ವೈರನ್ನು ಡಿಕ್ಕಿಯವರೆಗೆ ತಂದು, ಮೀಟರಿನ ಒಂದು ಕಡ್ಡಿಯನ್ನು ಅದಕ್ಕೂ ಇನ್ನೊಂದನ್ನು ಬಲ್ಬಿನ ಹಿತ್ತಾಳೆ ಕವಚಕ್ಕೂ ಮುಟ್ಟಿಸಿದರೆ ಅರ್ಥ್ ದಾರಿಯ ನಷ್ಟ ನೇರವಾಗಿ ಕಾಣುತ್ತದೆ. ಸಹಾಯಕ್ಕೆ ಯಾರೂ ಇಲ್ಲದಾಗ ಬ್ರೇಕ್ ಒತ್ತಿ ಹಿಡಿಯಲು ಸೀಟಿಗೂ ಪೆಡಲಿಗೂ ನಡುವೆ ಒಂದು ಕೋಲನ್ನು ಸಿಕ್ಕಿಸುತ್ತಿದ್ದೆ. ಹಳೆಯ ವೈರಿಂಗಿನಲ್ಲಿ, ಒಣಗಿದ ದಿನ, ಎಡದೀಪದ ಅರ್ಥಿನಲ್ಲಿ 1.5 ವೋಲ್ಟ್ ನಷ್ಟವಾಗುತ್ತಿತ್ತು. ಇದು ಸಣ್ಣದೆಂದು ತೋರಬಹುದು, ಆದರೆ ತಂತುವಿನ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮಪ್ರಮಾಣದಲ್ಲಿ ಇಳಿಯುವುದಿಲ್ಲ, ಸುಮಾರಾಗಿ ಅದರ 3.4ನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ, 13.5 ವೋಲ್ಟ್ ಸಿಗಬೇಕಾದಲ್ಲಿ 12 ಸಿಕ್ಕರೆ ಬೆಳಕು ಮೂರರಲ್ಲಿ ಒಂದು ಪಾಲು ಹೋದಂತೆಯೇ.

ಯಾವ ವೈರು ಯಾವುದು ಎಂದು ಗುರುತಿಸಲು ನನಗೆ ನೆರವಾದದ್ದು ದೀಪದ ಹೋಲ್ಡರಿನ ಪ್ಲಾಸ್ಟಿಕ್ಕಿನ ಮೇಲೆ ಅಚ್ಚಾಗಿದ್ದ ಅಂಕಿಗಳು. ಜರ್ಮನಿಯ ಡಿಐಎನ್ 72552 ಮಾನಕದ ಪ್ರಕಾರ 31 ಎಂದರೆ ಅರ್ಥ್, 54 ಎಂದರೆ ಬ್ರೇಕ್, 58 ಎಂದರೆ ಪಾರ್ಕಿಂಗ್, ಎಲ್ ಮತ್ತು ಆರ್ ಎಂದರೆ ಎಡ ಬಲ ಇಂಡಿಕೇಟರ್. ಎಲ್ಲ ಕಾರುಗಳಲ್ಲಿಯೂ ಈ ಅಂಕಿಗಳು ಇರುವುದಿಲ್ಲ. ಇಲ್ಲದಿದ್ದರೆ ಪ್ರತಿಯೊಂದು ಸ್ವಿಚ್ಚನ್ನೂ ಹಾಕಿ ಟೆಸ್ಟ್ ಲ್ಯಾಂಪಿನಿಂದ ನೋಡಿ ವೈರಿಗೆ ಚೀಟಿ ಕಟ್ಟುವುದೇ ದಾರಿ. ಬಣ್ಣವನ್ನು ನಂಬಿ ಕತ್ತರಿಸಬಾರದು, ವಿಶೇಷವಾಗಿ ನಮಗಿಂತ ಮೊದಲು ಬೇರೆಯವರ ಕೈ ಆಡಿದ ಕಾರಿನಲ್ಲಿ. ಗುರುತು ಮುಗಿದ ಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ ಕೆಲಸ ಆರಂಭಿಸಿದೆ.

ಎಡಬದಿಯ ಬೆಸುಗೆಯಿಂದ ಶುರುಮಾಡಿದೆ. ಎರಡು ತುದಿಗಳ ಹೊದಿಕೆಯನ್ನು ಸುಮಾರು ಎರಡು ಸೆಂಟಿಮೀಟರ್ ಸುಲಿದು, ಒಂದಕ್ಕೊಂದು ಎದುರುಬದುರಾಗಿ ಇಟ್ಟು ಪರಸ್ಪರ ಸುತ್ತಿ, ರಾಳದ ಫ್ಲಕ್ಸ್ ಇರುವ ತವರ-ಸೀಸದ ತಂತಿಯಿಂದ ಬೆಸೆದು, ಮೇಲೆ ಅಂಟು ಲೇಪವಿರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್ ಸರಿಸಿ ಬಿಸಿಮಾಡುವುದು ಕ್ರಮ. ಸ್ಲೀವನ್ನು ಮೊದಲೇ ವೈರಿನೊಳಗೆ ತೂರಿಸಿ ಇಟ್ಟುಕೊಳ್ಳದೆ ಬೆಸೆದು, ಆಮೇಲೆ ತಲೆ ಚಚ್ಚಿಕೊಂಡು ಬೆಸುಗೆ ಬಿಚ್ಚುವ ತಪ್ಪನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಮೂರು ಸಲ ಮಾಡಿದೆ. ಮೇಜಿನ ಮೇಲೆ ಬೆಸುಗೆ ಸುಖದ ಕೆಲಸ. ಡಿಕ್ಕಿಯೊಳಗೆ ತಲೆ ತೂರಿಸಿ, ಒಂದು ಕೈಯಲ್ಲಿ ಕಾದ ಕಬ್ಬಿಣ, ಇನ್ನೊಂದರಲ್ಲಿ ತವರದ ತಂತಿ ಹಿಡಿದಾಗ ವೈರನ್ನು ಹಿಡಿಯಲು ಮೂರನೆಯ ಕೈ ಇರುವುದಿಲ್ಲ. ಕರಗಿದ ತವರದ ಒಂದು ಹನಿ ಒಳಹೊದಿಕೆಯ ಬಟ್ಟೆಯ ಮೇಲೆ ಬಿದ್ದು ಮಾಡಿದ ತೂತು ಈಗಲೂ ಇದೆ.

ಆದರೆ ಬೆಸುಗೆಗೆ ಒಂದು ಗುಣವಿದೆ, ಅದನ್ನು ನಾನು ಆಮೇಲೆ ಹೆಚ್ಚು ಮೆಚ್ಚಿದೆ: ಅದು ಕೊಳೆಯನ್ನು ಸಹಿಸುವುದಿಲ್ಲ. ಹಳೆಯ ವೈರಿನ ತಾಮ್ರ ಕಪ್ಪಾಗಿದ್ದರೆ ಕರಗಿದ ತವರ ಅದರ ಮೇಲೆ ಹರಡದೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಉಂಡೆಯಾಗಿ ಜಾರಿಬಿಡುತ್ತದೆ. ನನ್ನ ಎಡಬದಿಯ ಅರ್ಥ್ ವೈರು ಹೊರಗೆ ಹೊಸದರಂತಿದ್ದರೂ ಬೆಸುಗೆ ಹಿಡಿಯಲೇ ಇಲ್ಲ. ಹೊದಿಕೆ ಸುಲಿಯುತ್ತಾ ಹೋದರೆ ಒಂದು ಗೇಣಿನಷ್ಟು ಒಳಗಿನವರೆಗೂ ಎಳೆಗಳು ಕಪ್ಪಾಗಿದ್ದವು. ತೇವ ಹೊದಿಕೆಯೊಳಗೆ ಎಳೆಗಳ ಸಂದಿನಲ್ಲಿ ಅಷ್ಟು ದೂರ ಏರಿತ್ತು. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿದ ಮೇಲಷ್ಟೇ ಕೆಲಸ ಮುಂದುವರಿಯಿತು.

ಬಲಬದಿಯ ಕ್ರಿಂಪ್ ಕೆಲಸ ಅರ್ಧ ಸಮಯದಲ್ಲಿ ಮುಗಿಯಿತು. ಎರಡು ಕಡೆಯಿಂದ ವೈರು ತೂರಿಸುವ ಲೋಹದ ಕೊಳವೆ, ಅದರ ಮೇಲೆ ಅಂಟು ಲೇಪವಿರುವ ಕುಗ್ಗುವ ಹೊದಿಕೆ, ಇಷ್ಟೇ ಸಾಮಾನು. ಇಕ್ಕಳದಿಂದ ಒತ್ತಿ, ಬಿಸಿಗಾಳಿ ಹಾಯಿಸಿದರೆ ಹೊದಿಕೆ ಕುಗ್ಗಿ, ಎರಡು ಅಂಚಿನಲ್ಲಿ ಅಂಟು ತೆಳುವಾದ ಉಂಗುರದಂತೆ ಹೊರಗಿಣುಕುತ್ತದೆ. ಆ ಉಂಗುರ ಕಂಡರೆ ನೀರು ಒಳಹೋಗದು ಎಂದು ಲೆಕ್ಕ. ಇಷ್ಟು ಸುಲಭವಾದದ್ದರಲ್ಲಿಯೂ ನನ್ನ ಮೊದಲ ನಾಲ್ಕು ಜಾಯಿಂಟುಗಳು ಕೆಟ್ಟವು. ತಪ್ಪು ಇಕ್ಕಳದ್ದು. ವೈರು ಕತ್ತರಿಸಲು, ಸುಲಿಯಲು, ಒತ್ತಲು ಎಲ್ಲಕ್ಕೂ ಒಂದೇ ಎಂದು ಬರುವ ತೆಳು ತಗಡಿನ ಇಕ್ಕಳದಿಂದ ಒತ್ತಿದ ಜಾಯಿಂಟು ಕಣ್ಣಿಗೆ ಚೆನ್ನಾಗಿಯೇ ಇತ್ತು, ಕೈಯಿಂದ ಎಳೆದಾಗ ಬೆಣ್ಣೆಯಿಂದ ಕೂದಲು ತೆಗೆದಂತೆ ಹೊರಬಂತು. ಪೂರ್ತಿ ಒತ್ತುವ ತನಕ ಬಾಯಿ ಬಿಡದ ರ‍್ಯಾಚೆಟ್ ಇಕ್ಕಳ ತಂದ ಮೇಲೆ ಒಂದೂ ಕಿತ್ತುಬರಲಿಲ್ಲ. ಸಾಧನಕ್ಕೆ ಹಣ ಹಾಕಲು ಮನಸ್ಸಿಲ್ಲದವರು ಕ್ರಿಂಪಿನ ಗೊಡವೆಗೆ ಹೋಗದೆ ಬೆಸುಗೆಯನ್ನೇ ಮಾಡುವುದು ಒಳ್ಳೆಯದು.

ಇನ್ನೊಂದು ತೊಡಕು ಗಾತ್ರದ್ದು. ಕೆಂಪು ಕೊಳವೆ ಸುಮಾರು 0.5ರಿಂದ 1.5 ಚದರ ಮಿ.ಮೀ. ವೈರಿಗೆ, ನೀಲಿ 1.5ರಿಂದ 2.5ಕ್ಕೆ, ಹಳದಿ 4ರಿಂದ 6ಕ್ಕೆ ಎಂದು ರೂಢಿ. ನನ್ನ ಕಾರಿನ ಪಾರ್ಕಿಂಗ್ ವೈರು 0.5ರದ್ದು, ಕೆಂಪು ಕೊಳವೆಯ ಕೆಳಗಿನ ಮಿತಿ. ಅಲ್ಲಿ ಎಳೆಗಳನ್ನು ಉದ್ದವಾಗಿ ಸುಲಿದು ಹಿಂದಕ್ಕೆ ಮಡಚಿ ಜೋಡಿ ಮಾಡಿ ತೂರಿಸಿದರೆ ಹಿಡಿತ ಬಿಗಿಯಾಗುತ್ತದೆ. ಬೆಸೆದ ತುದಿಯನ್ನು ಕ್ರಿಂಪಿನೊಳಗೆ ಒತ್ತುವ ಅಭ್ಯಾಸ ಕೆಲವರಲ್ಲಿದೆ, ಎರಡರ ಬಲವೂ ಸೇರುತ್ತದೆ ಎಂಬ ನಂಬಿಕೆಯಿಂದ. ಅದು ಸರಿಯಲ್ಲ, ಏಕೆಂದರೆ ತವರ ಮೆತ್ತಗಿನ ಲೋಹ, ಒತ್ತಡದಲ್ಲಿ ನಿಧಾನವಾಗಿ ಸರಿಯುತ್ತಾ ಹೋಗಿ ತಿಂಗಳುಗಳ ನಂತರ ಹಿಡಿತ ಸಡಿಲವಾಗುತ್ತದೆ. ಬರಿಯ ತಾಮ್ರವನ್ನು ಸರಿಯಾಗಿ ಒತ್ತಿದರೆ ಎಳೆಗಳ ನಡುವೆ ಗಾಳಿ ಹೋಗಲೂ ಜಾಗ ಉಳಿಯದಷ್ಟು ಅವು ಒಂದಾಗುತ್ತವೆ, ಬೇರೆ ಬೆಂಬಲ ಬೇಡ.

ಕ್ರಿಂಪಿನ ನಿಜವಾದ ದೋಷ ಬೆಸುಗೆಯ ಗುಣಕ್ಕೆ ತಿರುಗುಮುರುಗಾದದ್ದು: ಅದು ಕೊಳೆಯನ್ನು ಮುಚ್ಚಿಡುತ್ತದೆ. ಕಪ್ಪಾದ ತಾಮ್ರವನ್ನು ಒತ್ತಿದರೂ ಜಾಯಿಂಟು ಗಟ್ಟಿಯಾಗಿಯೇ ಇರುತ್ತದೆ, ಎಳೆದರೆ ಬರುವುದಿಲ್ಲ, ಮೀಟರು ‘ಬೀಪ್’ ಎನ್ನುತ್ತದೆ, ದೀಪ ಉರಿಯುತ್ತದೆ. ಬಲಬದಿಯ ರಿವರ್ಸ್ ದೀಪದ ಜಾಯಿಂಟು ಹಾಗೆಯೇ ಆಗಿತ್ತು. ಉಳಿದ ಜಾಯಿಂಟುಗಳಲ್ಲಿ ನಷ್ಟ ಎರಡು ಮೂರು ಮಿಲಿವೋಲ್ಟ್ ಇದ್ದರೆ ಇದೊಂದರಲ್ಲಿ ಎಂಬತ್ತಕ್ಕೂ ಹೆಚ್ಚು ತೋರಿಸಿತು; ಕತ್ತರಿಸಿ ನೋಡಿದರೆ ಎಳೆಗಳು ಇದ್ದಿಲಿನ ಬಣ್ಣದವು. ಆ ಮೇಲೆ ಕ್ರಿಂಪ್ ಮಾಡುವ ಪ್ರತಿಯೊಂದು ವೈರಿನ ತುದಿಗೂ ಮೊದಲು ಒಂದು ಚೂರು ತವರ ಮುಟ್ಟಿಸಿ, ಅದು ಹರಡಿತೆಂದು ಕಂಡ ಮೇಲೆ ಆ ತುಂಡನ್ನು ಕತ್ತರಿಸಿ ಎಸೆದು, ಹಿಂದಿನ ತಾಜಾ ತಾಮ್ರವನ್ನು ಒತ್ತತೊಡಗಿದೆ. ಸ್ವಲ್ಪ ಅತಿಯಾಯಿತೆನ್ನಬಹುದು, ಆದರೆ ಎರಡನೆಯ ಸಲ ಡಿಕ್ಕಿಯೊಳಗೆ ಮಲಗುವುದಕ್ಕಿಂತ ಇದು ವಾಸಿ.

ಮೊದಲ ಮಳೆಗಾಲ ಮುಗಿದಾಗ ಎರಡು ಬದಿಯ ಜಾಯಿಂಟುಗಳಲ್ಲಿ ಮೀಟರು ತೋರಿಸಿದ ವ್ಯತ್ಯಾಸ ಹೇಳಿಕೊಳ್ಳುವಷ್ಟು ಇರಲಿಲ್ಲ. ಎರಡನೆಯದು ಮುಗಿದಾಗಲೂ ಇಲ್ಲ. ಅಲುಗಾಡದ ಜಾಗದಲ್ಲಿ, ಶುದ್ಧ ತಾಮ್ರಕ್ಕೆ, ಅಂಟಿನ ಸ್ಲೀವಿನೊಳಗೆ ಮಾಡಿದ ಬೆಸುಗೆಯೂ ಕ್ರಿಂಪೂ ಸಮಾನ ಎಂದೇ ಹೇಳಬೇಕು. ವ್ಯತ್ಯಾಸ ಕಂಡದ್ದು ಅಲುಗಾಡುವ ಜಾಗದಲ್ಲಿ.

ಆ ಜಾಗವೆಂದರೆ ಡಿಕ್ಕಿ ಬಾಗಿಲಿನ ಕೀಲು. ನಂಬರ್ ಪ್ಲೇಟ್ ದೀಪ ಮತ್ತು ಮೇಲಿನ ಮೂರನೆಯ ಬ್ರೇಕ್ ದೀಪದ ವೈರುಗಳು ಅಲ್ಲಿ ಒಂದು ರಬ್ಬರ್ ಕೊಳವೆಯ ಮೂಲಕ ಬಾಗಿಲಿಗೆ ಹೋಗುತ್ತವೆ, ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಬಾಗುತ್ತವೆ. ಕೊಳವೆಯೊಳಗೆ ಒಂದು ವೈರು ಆಗಲೇ ಕಡಿದಿತ್ತು, ಅದನ್ನು ಬೆಸೆದೆ. ಐದು ತಿಂಗಳಿಗೆ ಮತ್ತೆ ಕಡಿಯಿತು, ಆದರೆ ಬೆಸುಗೆಯಲ್ಲಿ ಅಲ್ಲ, ಬೆಸುಗೆಯಿಂದ ಮೂರು ಮಿಲಿಮೀಟರ್ ಆಚೆ. ಕರಗಿದ ತವರ ದೀಪದ ಬತ್ತಿಗೆ ಎಣ್ಣೆ ಏರುವಂತೆ ಎಳೆಗಳ ನಡುವೆ ಹೊದಿಕೆಯೊಳಕ್ಕೆ ಏರಿ ಅಷ್ಟು ದೂರವನ್ನು ಒಂದು ಗಟ್ಟಿ ಕಡ್ಡಿಯನ್ನಾಗಿ ಮಾಡಿತ್ತು; ಕಡ್ಡಿ ಮುಗಿದು ಮೆದು ವೈರು ಶುರುವಾಗುವ ಗೆರೆಯಲ್ಲಿಯೇ ಎಲ್ಲ ಬಾಗುವಿಕೆಯೂ ಸೇರಿ ಎಳೆಗಳು ಒಂದೊಂದಾಗಿ ತುಂಡಾಗಿದ್ದವು. ಕಡಿದ ತುದಿ ಚಾಕುವಿನಿಂದ ಕತ್ತರಿಸಿದಷ್ಟು ಸಮವಾಗಿತ್ತು. ಅದೇ ಜಾಗದಲ್ಲಿ ಕ್ರಿಂಪ್ ಮಾಡಿ ನೋಡಿದೆ, ಅದು ಕಡಿಯಲಿಲ್ಲ, ಆದರೆ ಕೊಳವೆಯ ಗಟ್ಟಿತನದಿಂದ ಅದರ ಪಕ್ಕದ ಚೆನ್ನಾಗಿದ್ದ ವೈರು ಮಡಿಕೆ ಬಿದ್ದು ಹೊದಿಕೆ ಬೆಳ್ಳಗಾಗತೊಡಗಿತು. ಕೊನೆಗೆ ಎರಡನ್ನೂ ಕಿತ್ತು, ಬಾಗಿಲಿನ ಒಳಗಿನಿಂದ ಡಿಕ್ಕಿಯ ಒಳಗಿನವರೆಗೆ ಮಧ್ಯೆ ಜಾಯಿಂಟೇ ಇಲ್ಲದ ಅಖಂಡ ವೈರು ಎಳೆದೆ. ಸಾಬೂನಿನ ನೀರು ಹಚ್ಚಿದರೆ ರಬ್ಬರ್ ಕೊಳವೆಯೊಳಗೆ ವೈರು ಸಲೀಸಾಗಿ ಜಾರುತ್ತದೆ. ಕೀಲಿನ ವಿಷಯದಲ್ಲಿ ಬೆಸುಗೆ ಸೋತಿತು, ಕ್ರಿಂಪ್ ಗೆಲ್ಲಲಿಲ್ಲ.

ಉಳಿದ ಬಗೆಯ ಕನೆಕ್ಟರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ವೈರನ್ನು ಕತ್ತರಿಸದೆ, ಮೇಲಿನಿಂದ ಮುಚ್ಚಿ ಒತ್ತಿದರೆ ಒಳಗಿನ ತಗಡಿನ ಬ್ಲೇಡು ಹೊದಿಕೆಯನ್ನು ಸೀಳಿ ತಾಮ್ರಕ್ಕೆ ತಾಗುವ ಟ್ಯಾಪ್ ಕನೆಕ್ಟರನ್ನು ಮೂರನೆಯ ಬ್ರೇಕ್ ದೀಪಕ್ಕೆ ಹಾಕಿ ನೋಡಿದೆ. ಅರ್ಧ ನಿಮಿಷದ ಕೆಲಸ. ಒಂದೇ ಮಳೆಗಾಲದಲ್ಲಿ ಸೀಳಿದ ಜಾಗಕ್ಕೆ ತೇವ ಹೊಕ್ಕು ಬ್ಲೇಡಿನ ಎರಡೂ ಬದಿಗೆ ಕಿಲುಬು ಹಿಡಿಯಿತು, ದೀಪ ರಸ್ತೆಯ ಕುಳಿಗಳಿಗೆ ತಾಳ ಹಾಕತೊಡಗಿತು. ಅದಕ್ಕಿಂತ ಬೇಸರವೆಂದರೆ ಅದು ತನ್ನ ಜೊತೆಗೆ ಚೆನ್ನಾಗಿದ್ದ ಮೂಲ ವೈರಿನ ಎರಡು ಮೂರು ಎಳೆಗಳನ್ನೂ ಕತ್ತರಿಸಿತ್ತು. ನಡುವೆ ತವರದ ಉಂಗುರವಿರುವ ಪಾರದರ್ಶಕ ಸ್ಲೀವ್‌ಗಳನ್ನು ನಂಬರ್ ಪ್ಲೇಟ್ ದೀಪಕ್ಕೆ ಬಳಸಿದೆ. ಮೇಜಿನ ಮೇಲೆ ಚೆನ್ನಾಗಿ ಬರುತ್ತವೆ, ಇಕ್ಕಟ್ಟಿನಲ್ಲಿ ಹೊದಿಕೆ ಕುಗ್ಗಿಬಿಡುತ್ತದೆ, ಉಂಗುರ ಕರಗುವ ಮೊದಲೇ ಪಕ್ಕದ ಪ್ಲಾಸ್ಟಿಕ್ಕು ಬೆವರತೊಡಗುತ್ತದೆ, ಅರ್ಧ ಕರಗಿದ ಜಾಯಿಂಟು ಹೊರಗಿನಿಂದ ಪೂರ್ತಿಯಾದಂತೆ ಕಾಣುತ್ತದೆ. ಮನೆಯ ವೈರಿಂಗಿನಲ್ಲಿ ಬಳಸುವ ಲೀವರ್ ಕನೆಕ್ಟರುಗಳು ಕಾರಿನಲ್ಲಿ ಕಾಯಂ ಆಗಿ ಇರತಕ್ಕವಲ್ಲ, ಆದರೆ ಒಂದನ್ನೂ ಬೆಸೆಯುವ ಮುಂಚೆ ಇಡೀ ಸಂಪರ್ಕವನ್ನು ತಾತ್ಕಾಲಿಕವಾಗಿ ಜೋಡಿಸಿ ಎಡ ಬಲ ಅದಲುಬದಲಾಗಿಲ್ಲವೆಂದು ನೋಡಿಕೊಳ್ಳಲು ಅವುಗಳಷ್ಟು ಅನುಕೂಲ ಬೇರೆ ಇಲ್ಲ.

ಅರ್ಥಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಡೀ ರಗಳೆ ಹುಟ್ಟಿದ್ದೇ ಅಲ್ಲಿ. ಇಲ್ಲಿ ಮೂರು ದಾರಿಗಳನ್ನು ನೋಡಿದೆ. ಎಡಬದಿಯಲ್ಲಿ ಕಾರು ತಯಾರಾದಾಗ ಇದ್ದಂತೆಯೇ ದೀಪದ ಬಳಿಯ ತಗಡಿನ ಸ್ಕ್ರೂಗೆ ಅರ್ಥ್ ಕೊಟ್ಟೆ: ಬಣ್ಣವನ್ನು ಉಜ್ಜುಕಾಗದದಿಂದ ಹೊಳಪು ಬರುವವರೆಗೆ ತೆಗೆದು, ರಿಂಗ್ ಟರ್ಮಿನಲ್ ಇಟ್ಟು, ಹಲ್ಲಿನ ವಾಷರ್ ಹಾಕಿ ಬಿಗಿದೆ. ಬಲಬದಿಯಲ್ಲಿ 1.5 ಚದರ ಮಿ.ಮೀ. ವೈರನ್ನು ದೀಪದಿಂದ ಡಿಕ್ಕಿಯ ಒಳಗೆ, ನೆಲದಿಂದ ಮೇಲೆ ಒಣ ಜಾಗದಲ್ಲಿದ್ದ ಒಂದು ದಪ್ಪ ಬೋಲ್ಟಿಗೆ ಎಳೆದೆ. ಮೂರನೆಯದಾಗಿ, ತಗಡನ್ನೇ ನಂಬದೆ ಐದು ಮೀಟರ್ ವೈರನ್ನು ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೆ ಎಳೆದು ಎರಡೂ ದೀಪಗಳನ್ನು ತಾತ್ಕಾಲಿಕವಾಗಿ ಅದಕ್ಕೆ ಸೇರಿಸಿ ಅಳೆದೆ. ಮೂರನೆಯದೇ ಎಲ್ಲಕ್ಕಿಂತ ಉತ್ತಮವಾಗಿರುತ್ತದೆ ಎಂಬ ನನ್ನ ಊಹೆ ಸುಳ್ಳಾಯಿತು.

ಲೆಕ್ಕ ಹಾಕಿದ್ದರೆ ಮೊದಲೇ ತಿಳಿಯುತ್ತಿತ್ತು. 1.5 ಚದರ ಮಿ.ಮೀ. ತಾಮ್ರದ ರೋಧ ಮೀಟರಿಗೆ ಸುಮಾರು 11.5 ಮಿಲಿಓಮ್, ಐದು ಮೀಟರಿಗೆ 57ರ ಆಸುಪಾಸು. ಎರಡು ಬ್ರೇಕ್ ಬಲ್ಬ್, ಎರಡು ಪಾರ್ಕಿಂಗ್ ತಂತು, ಒಂದು ಇಂಡಿಕೇಟರ್ ಒಟ್ಟಿಗೆ ಉರಿದರೆ ಸುಮಾರು 6 ಆಂಪಿಯರ್ ಹರಿಯುತ್ತದೆ. ಅಲ್ಲಿಗೆ ಸುಮಾರು 0.35 ವೋಲ್ಟ್ ನಷ್ಟ. ಉಕ್ಕಿನ ರೋಧ ತಾಮ್ರದ ಹಲವು ಪಟ್ಟು ಹೆಚ್ಚು ಎಂಬುದು ನಿಜವಾದರೂ ಕಾರಿನ ತಗಡು ಎಷ್ಟು ಅಗಲವಾಗಿ ಹರಡಿಕೊಂಡಿದೆಯೆಂದರೆ ಅದರ ಮುಂದೆ ಒಂದು ತೆಳು ವೈರು ಏನೂ ಅಲ್ಲ. ದಪ್ಪ ಬೋಲ್ಟಿನಿಂದ ಬ್ಯಾಟರಿಯವರೆಗೆ ತಗಡಿನ ದಾರಿಯಲ್ಲಿ ಅದೇ ಹೊರೆಗೆ ನಷ್ಟವಾದದ್ದು 0.03 ವೋಲ್ಟ್ ಮಾತ್ರ. ದೋಷ ತಗಡಿನದಲ್ಲ, ತಗಡಿಗೂ ವೈರಿಗೂ ಕೂಡುವ ಆ ಬೆರಳಗಲದ ಜಾಗದ್ದು.

ಕೆಲಸ ಮುಗಿದ ದಿನ ಎಡದ ಸ್ಕ್ರೂ ಮತ್ತು ಬಲದ ಬೋಲ್ಟಿನ ನಡುವೆ ಅಂತರವೇ ಇರಲಿಲ್ಲ, ಎರಡೂ 0.05 ವೋಲ್ಟಿನ ಒಳಗೆ. ಮೊದಲ ಮಳೆಗಾಲ ಕಳೆದ ಮೇಲೆ ಬಲಬದಿ ಅಲ್ಲಿಯೇ ಇತ್ತು, ಎಡಬದಿ 0.3ಕ್ಕೆ ಏರಿತ್ತು. ಸ್ಕ್ರೂ ಬಿಚ್ಚಿದರೆ ರಿಂಗಿನ ಕೆಳಗೆ ನಾನು ಉಜ್ಜಿ ಹೊಳಪು ಮಾಡಿದ್ದ ಜಾಗದಲ್ಲಿಯೇ ತುಕ್ಕಿನ ಕಂದು ಉಂಗುರ ಎದ್ದಿತ್ತು. ಬಣ್ಣ ತೆಗೆದ ತಗಡನ್ನು ಹಾಗೆಯೇ ಬಿಟ್ಟದ್ದು ನನ್ನ ತಪ್ಪು. ಬಿಗಿದ ಮೇಲೆ ಜಾಯಿಂಟಿನ ಮೇಲೂ ಸುತ್ತಲೂ ಗ್ರೀಸ್ ಬಳಿಯಬೇಕಿತ್ತು. ಹಾಗೆ ಬಳಿದ ಮೇಲೂ ಆ ಸ್ಕ್ರೂ ಇರುವುದು ಚಕ್ರದ ನೀರು ಸಿಡಿಯುವ ಮೂಲೆಯ ಹಿಂದೆ, ಬಲದ ಬೋಲ್ಟು ಇರುವುದು ಒಣ ಜಾಗದಲ್ಲಿ. ಆದ್ದರಿಂದ ಎಡದೀಪದ ಅರ್ಥನ್ನೂ ಅದೇ ಬಗೆಯ ವೈರಿನಿಂದ ಆ ಬೋಲ್ಟಿಗೇ ತಂದು, ಹಳೆಯ ಸ್ಕ್ರೂ ಸಂಪರ್ಕವನ್ನೂ ಹಾಗೆಯೇ ಉಳಿಸಿಕೊಂಡೆ. ಎರಡು ದಾರಿಗಳಿದ್ದರೆ ಒಂದಕ್ಕೆ ತುಕ್ಕು ಹಿಡಿದರೂ ದೀಪಕ್ಕೆ ಗೊತ್ತಾಗುವುದಿಲ್ಲ.

ಈ ನಡುವೆ ಬಲ್ಬ್‌ಗಳನ್ನು ಬಿಟ್ಟು ಎಲ್‌ಇಡಿ ಹಾಕಿದರೆ ವೈರಿನ ಮೇಲಿನ ಹೊರೆಯೇ ಇಳಿಯುತ್ತದಲ್ಲ ಎಂಬ ಆಸೆಯಿಂದ ಕೆಲವು ತಿಂಗಳು ಅದನ್ನೂ ನೋಡಿದೆ. ಎಲ್‌ಇಡಿಯ ಪರವಾಗಿ ಒಂದು ಮಾತು ದೊಡ್ಡದು: ತಂತು ಕಾದು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡ್ ಬೇಕು, ಎಲ್‌ಇಡಿಗೆ ಆ ವಿಳಂಬವಿಲ್ಲ, ಗಂಟೆಗೆ 100 ಕಿ.ಮೀ. ವೇಗದಲ್ಲಿ ಹಿಂದೆ ಬರುವವನಿಗೆ ಅದು ಐದೂವರೆ ಮೀಟರಿನ ಉಳಿತಾಯ. ಆದರೆ ನನ್ನ ದೀಪದ ಕನ್ನಡಿ ಮತ್ತು ಗಾಜು ರೂಪುಗೊಂಡಿದ್ದು ಒಂದು ಬಿಂದುವಿನಿಂದ ಸುತ್ತಲೂ ಬೆಳಕು ಚೆಲ್ಲುವ ತಂತುವಿಗಾಗಿ. ಎಲ್‌ಇಡಿ ಹಾಕಿದಾಗ ನಡುವೆ ಕಣ್ಣು ಕುಕ್ಕುವ ಚುಕ್ಕೆ, ಸುತ್ತ ಕತ್ತಲೆ. ಪಾರ್ಕಿಂಗ್ ಬೆಳಕಿಗೂ ಬ್ರೇಕ್ ಬೆಳಕಿಗೂ ಇರಬೇಕಾದ ವ್ಯತ್ಯಾಸ ಬದಿಯಿಂದ ನೋಡಿದವರಿಗೆ ತಿಳಿಯುತ್ತಲೇ ಇರಲಿಲ್ಲ. ತಂತು ಬಲ್ಬಿಗೆಂದು ಅನುಮೋದನೆ ಪಡೆದ ದೀಪಕ್ಕೆ ಎಲ್‌ಇಡಿ ಹಾಕುವುದನ್ನು ಹಲವು ದೇಶಗಳ ನಿಯಮಗಳು ಒಪ್ಪದಿರುವುದಕ್ಕೆ ಇದೇ ಕಾರಣ.

ಇಂಡಿಕೇಟರಿನಲ್ಲಿ ತೊಂದರೆ ಬೇರೆಯದು. ಫ್ಲಾಷರ್ ಯುನಿಟ್ ಕಡಿಮೆ ಕರೆಂಟನ್ನು ಕಂಡು ಬಲ್ಬ್ ಹೋಗಿದೆ ಎಂದು ಭಾವಿಸಿ ಎರಡು ಪಟ್ಟು ವೇಗವಾಗಿ ಮಿನುಗಿಸತೊಡಗಿತು. ನಿಯಮದ ಪ್ರಕಾರ ಇರಬೇಕಾದದ್ದು ನಿಮಿಷಕ್ಕೆ 60ರಿಂದ 120 ಸಲ. ಇದಕ್ಕೆ ಎರಡು ಪರಿಹಾರಗಳು ಸಿಗುತ್ತವೆ. ಮೊದಲನೆಯದು 6 ಓಮಿನ ರೆಸಿಸ್ಟರನ್ನು ಎಲ್‌ಇಡಿಗೆ ಸಮಾಂತರವಾಗಿ ಹಾಕಿ ಬಲ್ಬಿನ ಹೊರೆಯನ್ನು ನಟಿಸುವುದು. 13.5 ವೋಲ್ಟಿನಲ್ಲಿ ಅದು ಸುಮಾರು 30 ವ್ಯಾಟ್ ಶಾಖ ಉಗುಳುತ್ತದೆ. ನಾನು ಅದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ವೈರಿನ ಕಟ್ಟಿಗೇ ಬಿಗಿದಿದ್ದೆ. ಅಪಾಯದ ದೀಪಗಳನ್ನು ಹಾಕಿ ಇಪ್ಪತ್ತು ನಿಮಿಷ ನಿಂತ ಒಂದು ಸಂಜೆ ಡಿಕ್ಕಿಯಿಂದ ಸುಟ್ಟ ವಾಸನೆ ಬಂದು, ತೆರೆದು ನೋಡಿದರೆ ಪಟ್ಟಿ ಕರಗಿ, ಪಕ್ಕದ ವೈರಿನ ಹೊದಿಕೆ ಗುಳ್ಳೆಯೆದ್ದಿತ್ತು. ಅದನ್ನು ತಗಡಿಗೇ ಸ್ಕ್ರೂ ಹಾಕಿ ಕೂರಿಸಬೇಕು, ಸುತ್ತ ಏನೂ ತಾಗದಂತೆ. ಎರಡನೆಯದು ಹೊರೆಯನ್ನು ಲೆಕ್ಕಿಸದ ಎಲೆಕ್ಟ್ರಾನಿಕ್ ಫ್ಲಾಷರ್ ಯುನಿಟ್. ಶಾಖವಿಲ್ಲ, ಐದು ನಿಮಿಷದ ಕೆಲಸ, ಆದರೆ ನಿಜವಾಗಿಯೂ ಬಲ್ಬ್ ಹೋದರೆ ಎಚ್ಚರಿಸುವುದಿಲ್ಲ. ಎರಡರಲ್ಲಿ ಇದೇ ಮೇಲು. ಹೊಸ ಕಾರುಗಳಲ್ಲಿ ಬಲ್ಬಿನ ತಪಾಸಣೆಯನ್ನು ಕಂಪ್ಯೂಟರೇ ಮಾಡುವುದರಿಂದ ಅಲ್ಲಿ ಬದಲಿಸಲು ಪ್ರತ್ಯೇಕ ಫ್ಲಾಷರ್ ಯುನಿಟ್ ಇರದಿರಬಹುದು.

ನಾನು ಎಲ್‌ಇಡಿಯನ್ನು ಕೊನೆಗೆ ತೆಗೆದದ್ದು ಬೆಳಕಿನ ಕಾರಣಕ್ಕಿಂತ ಹೆಚ್ಚಾಗಿ ಅರ್ಥಿನ ಕಾರಣದಿಂದ. ಎಡಬದಿಯ ಸ್ಕ್ರೂ ತುಕ್ಕು ಹಿಡಿಯುತ್ತಿದ್ದ ಆ ತಿಂಗಳುಗಳಲ್ಲಿ ಎರಡೂ ದೀಪಗಳು ಒಂದೇ ಸಮನಾಗಿ ಉರಿಯುತ್ತಿದ್ದವು, ಏಕೆಂದರೆ ಹತ್ತನೆಯ ಒಂದು ಪಾಲು ಕರೆಂಟಿಗೆ ಕೆಟ್ಟ ಜಾಯಿಂಟೂ ಸಾಕಾಗುತ್ತದೆ. 0.3 ವೋಲ್ಟಿನ ನಷ್ಟ ಗೊತ್ತಾದದ್ದು ಅಳತೆಗೆಂದು ಹಳೆಯ ತಂತು ಬಲ್ಬನ್ನು ಮತ್ತೆ ಹಾಕಿದಾಗ. ಈಗ ಬ್ರೇಕ್, ಪಾರ್ಕಿಂಗ್, ಇಂಡಿಕೇಟರ್ ಮೂರರಲ್ಲಿಯೂ ತಂತು ಬಲ್ಬೇ ಇವೆ, ನಂಬರ್ ಪ್ಲೇಟಿಗೆ ಮಾತ್ರ ಎಲ್‌ಇಡಿ. ಎಡಬದಿಯ ಬೆಸುಗೆಗಳನ್ನು ಕಿತ್ತು ಕ್ರಿಂಪ್ ಮಾಡುವ ಅಗತ್ಯ ಕಂಡಿಲ್ಲ, ಹಾಗೆಯೇ ಬಿಟ್ಟಿದ್ದೇನೆ. ಹಿಂದಿನ ಫಾಗ್ ದೀಪದ ವೈರು ಇನ್ನೂ ಹಳೆಯದೇ ಇದ್ದು, ಅದನ್ನು ಬದಲಿಸುವಾಗ ರ‍್ಯಾಚೆಟ್ ಇಕ್ಕಳವನ್ನೇ ಹಿಡಿಯುತ್ತೇನೆ, ತವರವನ್ನು ತುದಿ ಪರೀಕ್ಷಿಸಲು ಮಾತ್ರ ಬಳಸುತ್ತೇನೆ.